ಹನ್ನೊಂದರಿಂದ ಎರಡರವರೆಗೆ

…ಆ ಕುರ್ಚಿ ಬೇಡ ಚಿಕ್ಕಪ್ಪ, ಅದರ ಒಂದು ಕಾಲು ಅಲ್ಲಾಡುತ್ತೆ. ಈ ಕಡೆ ಬನ್ನಿ. ಬಂಡೆ ಮೇಲೆ ನನ್ನ ಚೀಲ ಹಾಕ್ಕೊಂಡು ಕೂತ್ಕೊಳ್ಳಿ. ಮಂಡಿ ಹೇಗಿದೆ? ಕೇಳಿದ್ದೇ ತಪ್ಪು. ಡಾಕ್ಟರು ಮೆಟ್ಟಿಲು ಹತ್ತಬೇಡಿ ಅಂದ್ರೆ ನೀವು ಬೆಟ್ಟವನ್ನೇ ಹತ್ತಿ ಬಂದಿದ್ದೀರಿ. ಒಂದು ಫೋನ್ ಮಾಡಿದ್ರೆ ಸಂಜೆ ಹಾಳೆಗಳನ್ನ ನಾನೇ ಮನೆಗೆ ತರ್ತಿದ್ದೆ. ಕಚೇರೀಲಿ ವಿಚಾರಣೆ ಇರೋದು ನಾಳೆ ಹನ್ನೊಂದಕ್ಕೆ ತಾನೇ? ಬೆಳಿಗ್ಗೆ ಕಾಫಿ ಕುಡೀತಾ ಸಹಿ ಹಾಕಿದ್ರೂ ನಡೀತಿತ್ತು.

ಮೊದಲು ನೀರು ಕುಡೀರಿ.

ನಾನು ಆ ಕಡೆ ನೋಡ್ಕೊಂಡೇ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡಿ. ದಕ್ಷಿಣದಿಂದ ಕಣ್ಣು ತೆಗೀಬಾರದು ಅಂತ ಹೇಳಿಕೊಟ್ಟಿದ್ದೇ ನೀವು. ಈಗ ಎರಡೂ ಐವತ್ತು. ನಾಲ್ಕಕ್ಕೆ ಈ ವಸಂತದ ಎಣಿಕೆ ಮುಗೀತು. ಇನ್ನು ಎಪ್ಪತ್ತು ನಿಮಿಷ.

ಎಷ್ಟಾಯ್ತು ಅಂತ ಕೇಳಲ್ವಾ? ಸರಿ, ನಾನೇ ಹೇಳ್ತೀನಿ. ಮೂರು ಸಾವಿರದ ಎಂಟುನೂರ ಎಪ್ಪತ್ತನಾಲ್ಕು ಗಿಡುಗ. ಐದು ಸಾವಿರಕ್ಕೆ ಒಂದು ಸಾವಿರದ ನೂರ ಇಪ್ಪತ್ತಾರು ಕಮ್ಮಿ. ಐದು ಮುಟ್ಟದಿದ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ… ಇದು ಗಿಡುಗಗಳ ದಾರಿಯೇ ಅಲ್ಲ ಅಂತ ಅನುಮತಿ ಕೊಡೋ ಕಚೇರಿಯವರು ಬರ್ಕೊಳ್ತಾರೆ. ಈ ಬೆಟ್ಟದ ಸಾಲಿಗೆ ಹದಿನಾರು ಗಾಳಿಯಂತ್ರ ಬಂದು ನಿಲ್ಲುತ್ತೆ. ಹದಿನಾಲ್ಕನೇದು ಎಲ್ಲಿ ಗೊತ್ತಾ? ನೀವು ಕೂತಿದ್ದೀರಲ್ಲ, ಅಲ್ಲೇ. ಮೊನ್ನೆ ಕಂಪನಿಯವರು ಒಬ್ಬರು ಬಂದು ಬಂಡೆಗೆ ಬಣ್ಣ ಬಳಿದು ಹೋದ್ರು. ಸ್ವಲ್ಪ ಎದ್ದರೆ ಕಾಣುತ್ತೆ… ಬೇಡ, ಕೂತಿರಿ. ಛತ್ರಿ ಹಿಡ್ಕೊಂಡು ನಿಂತು ಏನು ಕೇಳಿದ್ರು ಗೊತ್ತಾ? 'ನಿಮ್ಮ ಹಕ್ಕಿಗಳಿಗೆ ಟೈಮ್ ಟೇಬಲ್ ಇದೆಯೇನಮ್ಮಾ? ಇದ್ರೆ ಕೊಡಿ, ಅಷ್ಟು ಹೊತ್ತು ಮೆಷಿನ್ ಆಫ್ ಮಾಡ್ತೀವಿ.' ಬಸ್ ಸ್ಟ್ಯಾಂಡಲ್ಲಿ ವಿಚಾರಿಸಿ ಅಂದೆ.

ನಗು ಬರಲಿಲ್ವಾ? ಮನೇಲಿ ಹೇಳಿದಾಗ ಎಲ್ಲರೂ ನಕ್ಕರು. ಎಲ್ಲರೂ ಅಂದ್ರೆ ಚಿಕ್ಕಮ್ಮ. ನೀವು ಅಡುಗೆಮನೆಗೆ ಬಂದ್ರೆ ತಮ್ಮ, ನಿಮ್ಮ ಮಗನೇ, ತಟ್ಟೆ ಎತ್ಕೊಂಡು ಹೊರಗೆ ಹೋಗ್ತಾನೆ. ಅವನು ಬಂದ್ರೆ ನಿಮಗೆ ಹಸಿವಿಲ್ಲ. ಇನ್ಯಾರಿಗೆ ಹೇಳೋದು?

…ನಿಲ್ಲಿ. ಬಂತು.

ಆ ಒಂಟಿ ಮರದ ಬಲಕ್ಕೆ. ಸುತ್ತುತ್ತಿವೆ. ಬಿಸಿಗಾಳಿ ಸಿಕ್ಕಿದೆ, ಏರ್ತಿವೆ… ಈಗ ಎಣಿಸಲ್ಲ. ಮೇಲೆ ಹೋಗಿ, ರೆಕ್ಕೆ ಬಿಗಿಹಿಡಿದು ಸಾಲಾಗಿ ಜಾರಿ ಹೊರಡಲಿ… ಹ್ಞಾ. ಒಂದು. ಎರಡು, ಮೂರು… ಐದು. ಆರು… ಏಳು. ಅಷ್ಟೇ? ಅಷ್ಟೇ. ಹಿಂದೆ ಏನೂ ಇಲ್ಲ.

ಏಳು. ಮೂರು ಸಾವಿರದ ಎಂಟುನೂರ ಎಂಬತ್ತೊಂದು.

ಬರುತ್ತೆ ಚಿಕ್ಕಪ್ಪ. ಹೋದ ವರ್ಷ ಕೊನೇ ದಿನ ಮೂರೂವರೆಗೆ ನಾನೂರು ಬಂದಿದ್ದು ನೆನಪಿದೆಯಾ? ತಮ್ಮ ಎಣಿಸೋ ಕ್ಲಿಕ್ಕರ್ ಒತ್ತೀ ಒತ್ತೀ ಹೆಬ್ಬೆರಳು ಊದಿಸ್ಕೊಂಡಿದ್ದ. ಆ ಥರ ಮೂರು ಗುಂಪು ಬಂದ್ರೆ ಸಾಕು. ಈ ಆರು ದಿನ ನಾನು ಬೆಳಿಗ್ಗೆ ಆರಕ್ಕೇ ಇಲ್ಲಿರ್ತೀನಿ, ಗೊತ್ತಾ? ಎಂಟಕ್ಕೆ ಶುರು ಮಾಡಿದ್ರೆ ಸಾಕು ಅಂತ ನಿಯಮ. ನಾನು ಆರಕ್ಕೇ. ಮಧ್ಯಾಹ್ನ ಊಟಾನೂ ನಿಂತ್ಕೊಂಡೇ.

ಫೈಲ್ ಯಾಕೆ ತೆಗೆದ್ರಿ? ಇವತ್ತಿನ ಹಾಳೆ ಮೇಲ್ಗಡೆನೇ ಇದೆ. ಅಲ್ಲ, ಅಷ್ಟು ಹಿಂದೆ ಅಲ್ಲ… ಅದು ಆರು ದಿನದ ಹಿಂದಿಂದು.

ಹ್ಞೂಂ. ಆ ದಿನದ್ದೇ.

ಓ, ಅಂಚೆಯಣ್ಣ ಫೋನ್ ಮಾಡಿದ್ರಾ? ಅದಕ್ಕೇ ಹತ್ತಿ ಬಂದ್ರಾ… ಅಂಚೆ ಕಚೇರಿಯಿಂದ ನಿವೃತ್ತಿ ಆದ್ರೂ ಸುದ್ದಿ ಹಂಚೋದು ಬಿಟ್ಟಿಲ್ಲ ಅವರು. ನನಗೂ ಮಾಡಿದ್ರು. ಅವರು ಎಣಿಸೋ ದಕ್ಷಿಣದ ಗುಡ್ಡದ ಮೇಲೆ ಆ ದಿನ ಹತ್ತೂವರೆಯಿಂದ ಒಂದೂವರೆವರೆಗೆ ಎರಡು ಸಾವಿರದ ನೂರ ನಲವತ್ತು. ಎರಡು ದಿನ ಮಳೆ ಹಿಡಿದು ಬಿಟ್ಟಿತ್ತಲ್ಲ, ತಡೆದಿದ್ದೆಲ್ಲ ಒಟ್ಟಿಗೆ ಹೊರಟಿತ್ತು. ಅವರ ಗುಡ್ಡದಿಂದ ಇಲ್ಲಿಗೆ ಹದಿನೆಂಟು ಕಿಲೋಮೀಟರು, ಅರ್ಧ ಗಂಟೆ ಹಾರಾಟ. ಹಾಗಾಗಿ ಹನ್ನೊಂದರಿಂದ ಎರಡರೊಳಗೆ ಇಲ್ಲಿಗೆ ಬರಬೇಕಿತ್ತು. ನೀವು ಲೆಕ್ಕ ಹಾಕಿರ್ತೀರಿ. ನಾನೂ ಹಾಕಿದ್ದೀನಿ.

ಹನ್ನೊಂದರಿಂದ ಹನ್ನೆರಡು, ಸೊನ್ನೆ. ಹನ್ನೆರಡರಿಂದ ಒಂದು, ಸೊನ್ನೆ. ಒಂದರಿಂದ ಎರಡು, ಸೊನ್ನೆ. ಏನು ಮಾಡಲಿ ಹೇಳಿ. ಬರಲಿಲ್ಲ. ಬರದೇ ಇರೋದನ್ನ ಎಣಿಸೋಕಾಗುತ್ತಾ?

ಎಲ್ಲಿ ಹೋದವು ಅಂದ್ರೆ… ಹ್ಞಾ, ಒಂದು ವಿಷಯ ಇದೆ. ಗಾಳಿ. ಆ ದಿನ ಪಶ್ಚಿಮದಿಂದ ಜೋರಾಗಿ ಬೀಸ್ತಿತ್ತು. ನಡುದಾರೀಲಿ ಪೂರ್ವಕ್ಕೆ ತಳ್ಳಿರುತ್ತೆ. ಆಚೆ ಕಣಿವೆ ಮೇಲಿಂದ ಹೋಗಿರ್ತವೆ. ಇಲ್ಲಿಂದ ಆ ಕಣಿವೆ ಕಾಣಲ್ಲ, ಮಧ್ಯದಲ್ಲಿ ಬೋಳುಗುಡ್ಡ ಇದೆ. ಇಷ್ಟೇ ಕಥೆ.

ಯಾಕೆ? ಬೆರಳು ಯಾಕೆ ಅಲ್ಲಿಟ್ರಿ?

…ಅದು ಗಾಳಿಯ ಕಾಲಮ್ಮು. 'ದಕ್ಷಿಣ, ಹಗುರ.' ಮೂರು ಸಾಲಲ್ಲೂ… ಹೌದು. ಹತ್ತು ಗಂಟೆ ಸಾಲಲ್ಲೂ ಅದೇ.

ಅದು… ಗಂಟೆ ಶುರುವಾದಾಗಿನ ಗಾಳಿ ಬರೀತೀವಲ್ಲ. ಆಮೇಲೆ ತಿರುಗಿರುತ್ತೆ. ಮೂರು ಸಲವೂ ಗಂಟೆ ಶುರುವಾದಾಗ ದಕ್ಷಿಣ, ಆಮೇಲೆ ಪಶ್ಚಿಮ… ಹೀಗೆ ಕೇಳಿದ್ರೆ ಚೆನ್ನಾಗಿಲ್ಲ ಅಂತ ನನಗೂ ಗೊತ್ತಾಗ್ತಿದೆ. ಅವಸರದಲ್ಲಿ ಮೇಲಿನ ಸಾಲು ನೋಡಿ ಬರೆದಿರಬೇಕು. ತಪ್ಪು. ಒಪ್ಕೊಂಡೆ. ಗಾಳಿ ಬರೆದಿದ್ದು ತಪ್ಪು, ಸಂಖ್ಯೆ ತಪ್ಪಲ್ಲ.

ಆ ಮೋಡ ಸರೀತಿದೆ ನೋಡಿ. ಬಿಸಿಲು ಬಿದ್ರೆ ಬಿಸಿಗಾಳಿ ಏಳುತ್ತೆ. ಬರುತ್ತೆ.

ಮೂರು ಗಂಟೆ. ಎರಡರಿಂದ ಮೂರು, ಒಟ್ಟು ಹನ್ನೆರಡು. ಗಾಳಿ… ನೋಡಿ, ನಿಮ್ಮ ಎದುರೇ ಕರವಸ್ತ್ರ ಎತ್ತಿ ಹಿಡಿದು ನೋಡಿ ಬರೀತಿದ್ದೀನಿ. ಆಗ್ನೇಯ, ಹಗುರ. ಸಾಕಾ?

ಏನು ನೋಡ್ತಿದ್ದೀರಿ? ಹಾಳೆ ಬಿಟ್ಟು ನನ್ನ ಮುಖ ಯಾಕೆ… ಕೆನ್ನೆನಾ? ಬಿಸಿಲು ಚಿಕ್ಕಪ್ಪ. ಬೆಟ್ಟದ ಮೇಲೆ ಒಂದು ತಿಂಗಳು ಕೂತ್ರೆ ಮುಖ ಬೆಳ್ಳಗಾಗುತ್ತಾ? ಚಿಕ್ಕಮ್ಮ ಏನೋ ಬೆಣ್ಣೆ ಥರದ್ದು ಹಚ್ಚಿದ್ರು, ಸಿಪ್ಪೆ ಏಳೋದು ನಿಂತಿದೆ.

ಹೌದು, ಬಲಗಡೆ ಮಾತ್ರ.

ಎಡಗಡೆ… ಯಾಕೆ ಅಂದ್ರೆ, ನಾನು ಸ್ವಲ್ಪ ತಿರುಗಿ ಕೂರ್ತೀನಿ. ಹೀಗೆ. ಕತ್ತು ನೋಯುತ್ತೆ ಅಂತ. ಎಲ್ಲದಕ್ಕೂ ಹೀಗೆ ನೋಡ್ತಾ ಕೂತ್ರೆ ನಾನು ಏನು ಹೇಳಲಿ? ಒಂದು ಮಾತಾದ್ರೂ ಆಡಿ. ಬಂದಾಗಿಂದ ಕೆಮ್ಮಿದ್ದು ಬಿಟ್ರೆ ನಿಮ್ಮ ಬಾಯಿಂದ ಏನೂ ಬಂದಿಲ್ಲ.

…ಬಂತು, ಬಂತು. ಎರಡು ಕಡೆ. ನೀವು ಎಡಗಡೆದು ನೋಡ್ಕೊಳ್ಳಿ… ಇಲ್ಲ, ಬಿಡಿ, ನಾನೇ ನೋಡ್ತೀನಿ. ಹತ್ತು… ಹನ್ನೊಂದು. ಹದಿನಾಲ್ಕು. ಹದ್ದು ಒಂದು ಸೇರ್ಕೊಂಡಿದೆ, ಅದನ್ನ ಬಿಟ್ಟು. ಹದಿನೇಳು… ಇಪ್ಪತ್ತು, ಇಪ್ಪತ್ತೆರಡು. ಇಪ್ಪತ್ತಮೂರು.

ಇಪ್ಪತ್ತಮೂರು. ಮೂರು ಸಾವಿರದ ಒಂಬೈನೂರ ನಾಲ್ಕು. ನೋಡಿದ್ರಾ, ಹದ್ದನ್ನ ಸೇರಿಸಲಿಲ್ಲ. ಒಂದು ಹದ್ದು ಸೇರಿಸಿದ್ರೆ ಯಾರಿಗೆ ಗೊತ್ತಾಗ್ತಿತ್ತು? ಇದು ನನ್ನ ಎಣಿಕೆ. ಏಳು ವಸಂತದಿಂದ ಹೀಗೇ. ನಿಮ್ಮ ಕೈಲಿ ಕಲಿತವಳು ನಾನು. ಸೊನ್ನೆ ಅಂದ್ರೆ ನೋಡಿದೆ, ಇರಲಿಲ್ಲ. ಗೆರೆ ಅಂದ್ರೆ ನೋಡಲಿಲ್ಲ. ಎರಡನ್ನೂ ಬೆರೆಸಿದವರು ಈ ಬೆಟ್ಟ ಹತ್ತಬಾರದು. ಮೊದಲನೇ ದಿನ ನಮ್ಮಿಬ್ಬರನ್ನೂ ಪಕ್ಕ ಪಕ್ಕ ಕೂರಿಸಿಕೊಂಡು ಹೇಳಿದ್ರಿ. ತಮ್ಮನಿಗೆ ಹದಿನೆಂಟು, ನನಗೆ ಇಪ್ಪತ್ತು. ಅವನು ಆಗಲೇ ಆಕಳಿಸಿದ್ದ. ಅವತ್ತೇ ಗೂಬೆ ಅಂತ ಹೆಸರಿಟ್ಟೆ ನಾನು. ಈಗ ಬೀದಿಯೆಲ್ಲ ಹಾಗೇ ಕರೆಯುತ್ತೆ.

ಗೂಬೆ ಇಲ್ಲಿದ್ದಿದ್ರೆ ಅಂತ ಯೋಚಿಸ್ತಿದ್ದೀರಾ? ಇದ್ದಿದ್ರೆ ಏನಾಗ್ತಿತ್ತು? ಈ ವಸಂತದ ನಾಲ್ಕನೇ ದಿನಕ್ಕೇ ನಲವತ್ತು ನಿಮಿಷ ನಿದ್ದೆ ಹೊಡೆದವನು. ನೀವೇ ಅವನನ್ನ ಇಳಿಸಿದ್ರಿ. ನೀವು ಮಾಡಿದ್ದು ಸರಿ. ಒಬ್ಬಳ ಕೈಲಿ ಆಗಲ್ಲ ಅಂದ್ರಿ, ಆಗುತ್ತೆ ಅಂದೆ. ಆಗಿದೆ ತಾನೇ? ಒಂದು ಗಂಟೆಯೂ ಬಿಟ್ಟಿಲ್ಲ. ಇಡೀ ಫೈಲ್ ತಿರುವಿ ನೋಡಿ, ಅವನದ್ದು ಬಿಟ್ರೆ ಒಂದೇ ಒಂದು ಗೆರೆ ಇಲ್ಲ.

ಗೊತ್ತು, ಒಂದೇ ಒಂದು ಗೆರೆ ಇಲ್ಲ ಅನ್ನೋದೇ ನಾಳೆಯ ತೊಂದರೆ. ಕಚೇರಿಯ ಪತ್ರ ನಾನೂ ಓದಿದ್ದೀನಿ. ಒಂದೇ ದಿನದಲ್ಲಿ ಮೂರು ಗಂಟೆ ನೋಡದೇ ಬಿಟ್ಟಿದ್ರೆ ಆ ವರ್ಷದ ಎಣಿಕೆ ಅಪೂರ್ಣ. ಆಗ ಏನೂ ತೀರ್ಮಾನ ಮಾಡಂಗಿಲ್ಲ, ಮುಂದಿನ ವಸಂತದಲ್ಲಿ ಮತ್ತೆ ಎಣಿಸಬೇಕು, ಅಲ್ಲೀತನಕ ಕಂಬ ನಿಲ್ಲಿಸಂಗಿಲ್ಲ. ಆದ್ರೆ ನಮ್ಮದು ಅಪೂರ್ಣ ಅಲ್ಲವಲ್ಲ. ಪೂರ್ತಿ ಇದೆ. ಪೂರ್ತಿ ಇದ್ದು ಕಮ್ಮಿ ಇದೆ. ನನ್ನ ಹಣೆಬರಹ.

ಮೂರೂ ಹತ್ತು.

ಏನೂ ಬರ್ತಿಲ್ಲ… ಆಕಾಶ ತೊಳೆದಿಟ್ಟ ಹಾಗಿದೆ.

ಮೂರೂ ಇಪ್ಪತ್ತು. ಒಂದು ಗಿಡುಗ, ಅಲ್ಲಿ, ತೀರಾ ಎತ್ತರದಲ್ಲಿ. ಒಂದು. ಮೂರು ಸಾವಿರದ ಒಂಬೈನೂರ ಐದು.

ಚಿಕ್ಕಪ್ಪ, ಒಂದು ಮಾತು ಹೇಳ್ತೀನಿ, ಬಯ್ಯಬೇಡಿ. ಬಂದಾಗಿಂದ ಇದೇ ತಲೇಲಿ ಕೊರೀತಿದೆ. ಆ ಮೂರು ಸಾಲು ತಿದ್ದಿಬಿಡೋಣ. ಇಲ್ಲ, ಪೂರ್ತಿ ಕೇಳಿ. ಅಂಚೆಯಣ್ಣನ ಹಾಳೇಲಿ ಎರಡು ಸಾವಿರದ ನೂರ ನಲವತ್ತು ಇದೆ. ನಾವು ಅಷ್ಟೂ ಬರೆಯೋದು ಬೇಡ. ಸಾವಿರದ ಇನ್ನೂರು ಬರೆಯೋಣ. ನಾನೂರು, ಐನೂರು, ಮುನ್ನೂರು, ಮೂರು ಸಾಲಿಗೆ. ಐದು ಸಾವಿರ ದಾಟುತ್ತೆ. ಇದು ಸುಳ್ಳಲ್ಲ. ಅಂದಾಜು. ಎಷ್ಟೋ ಕಡೆ ಅಂದಾಜು ಹಾಕ್ತಾರೆ. ಇಷ್ಟು ವರ್ಷದ ಎಣಿಕೆ ತೆಗೆದು ನೋಡಿ, ಅಂಚೆಯಣ್ಣನ ಗುಡ್ಡ ದಾಟಿದ್ದು ಈ ಸಾಲು ಬಿಟ್ಟು ಬೇರೆ ಕಡೆ ಹೋಗಿದ್ದೇ ಇಲ್ಲ. ದಕ್ಷಿಣದ ಹಗುರ ಗಾಳಿ, ಮಳೆ ಬಿಟ್ಟ ಮಾರನೇ ದಿನ, ಬಿಸಿಲು. ಎಲ್ಲಿಗೆ ಹೋಗ್ತವೆ? ಇಲ್ಲೇ ಬಂದಿರ್ತವೆ. ಈ ಬಂಡೆ ಮೇಲೇ, ನಮ್ಮ ತಲೆ ಮೇಲೇ ಹೋಗಿರ್ತವೆ. ಸಾವಿರದ ಇನ್ನೂರೇನು, ಎರಡು ಸಾವಿರವೂ ಹೋಗಿರ್ತವೆ. ನನಗೆ ಸ್ವಲ್ಪವೂ ಅನುಮಾನ ಇಲ್ಲ, ಚಿಕ್ಕಪ್ಪ. ಪ್ರಮಾಣ ಮಾಡಿ ಹೇಳ್ತೀನಿ, ಅವು ಇಲ್ಲೇ…

ಕನ್ನಡಕ ಯಾಕೆ ತೆಗೆದ್ರಿ?

ಏನಾಯ್ತು? ನಾನೇನು ಅಂದೆ ಈಗ…

…ಹ್ಞಾ.

ಇಲ್ಲ. ಇಲ್ಲ, ನಾನು ಹೇಳಿದ್ದು… ತಡೀರಿ.

ಗೊತ್ತಾಯ್ತು ನನಗೆ. ಮೂರು ಗಂಟೆ ಇಲ್ಲೇ ಕೂತು ಖಾಲಿ ಆಕಾಶ ನೋಡಿದವಳು, ಅವು ತಲೆ ಮೇಲೆ ಹೋಗಿರ್ತವೆ ಅಂತ ಪ್ರಮಾಣ ಮಾಡಲ್ಲ. ಹಾಗೆ ಮಾಡೋದು… ನೋಡದೇ ಇದ್ದವಳು.

ಆ ದಿನ ನಡೆದಿದ್ದು ಹೇಳ್ತೀನಿ.

ಹನ್ನೊಂದಕ್ಕೆ ಐದು ನಿಮಿಷ ಇತ್ತು. ಗಾಳಿ ಬರೆದೆ. ಕಣ್ಣಲ್ಲಿ ಮರಳು ಹಾಕಿದ ಹಾಗಾಗ್ತಿತ್ತು. ಮಳೆ ಬಂದ ಎರಡು ದಿನವೂ ಕೆಳಗಿಳಿದಿರಲಿಲ್ಲ ನಾನು, ಈ ತಗಡಿನ ಕೋಣೇಲೇ ಇದ್ದೆ. ಮಳೆ ಯಾವಾಗ ಬಿಡುತ್ತೋ, ಬಿಟ್ಟ ತಕ್ಷಣದ್ದು ತಪ್ಪಿಸ್ಕೋಬಾರದು ಅಂತ. ಆ ಬಂಡೆ ಬೆಚ್ಚಗಿತ್ತು. ಎಡಗೆನ್ನೆ ಆನಿಸಿದೆ, ಐದೇ ನಿಮಿಷ ಅಂತ. ಎದ್ದಾಗ ಎರಡೂ ಹತ್ತು. ಆಕಾಶ ಹೀಗೇ ಇತ್ತು, ತೊಳೆದಿಟ್ಟ ಹಾಗೆ. ಏನೂ ಇರಲಿಲ್ಲ. ಏನೂ ಬಂದಿಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಬಂದಿದ್ರೆ ಎಚ್ಚರ ಆಗ್ತಿತ್ತು ಅಂತ ಹೇಳ್ಕೊಂಡೆ. ಗಿಡುಗ ಏನು ಬಾಗಿಲು ತಟ್ಟಿ ಹೋಗುತ್ತಾ… ಪೆನ್ನು ಕೈಯಲ್ಲಿತ್ತು. ಗೆರೆ ಎಳೆದ್ರೆ ಪಕ್ಕದಲ್ಲಿ ಕಾರಣ ಬರೀಬೇಕು. ಸೊನ್ನೆಗೆ ಯಾರೂ ಕಾರಣ ಕೇಳಲ್ಲ.

ಸಂಜೆ ಅಂಚೆಯಣ್ಣ ಫೋನ್ ಮಾಡಿದ್ರು. ಇನ್ನೊಂದು ದೊಡ್ಡ ದಿನ ಬರುತ್ತೆ, ಐದು ಸಾವಿರ ತನ್ನಷ್ಟಕ್ಕೆ ದಾಟುತ್ತೆ, ಆಗ ಈ ಮೂರು ಸೊನ್ನೆ ಯಾರ ಕಣ್ಣಿಗೂ ಬೀಳಲ್ಲ… ಹೀಗೆ ಅಂದ್ಕೊಂಡೆ. ಆರು ದಿನ ಅಂದ್ಕೊಂಡೆ. ಇವತ್ತು ನೀವು ಹತ್ತಿ ಬರೋದು ಕಂಡಾಗಲೂ, ಬರೋದರೊಳಗೆ ಒಂದು ಗುಂಪು ಬಂದ್ಬಿಡಲಿ ಅಂದ್ಕೊಂಡೆ.

ಕೊಡಿ ಆ ಹಾಳೆ. ನಿಮ್ಮ ಎದುರೇ ತಿದ್ದುತ್ತೀನಿ. ಮೂರು ಗೆರೆ. ಕಾರಣ… 'ಎಣಿಸುವವಳು ನಿದ್ದೆ ಮಾಡಿದ್ದಳು.' ಕೆಳಗೆ ನನ್ನ ಸಹಿ, ಇವತ್ತಿನ ತಾರೀಖು. ನಾಳೆ ಕಚೇರಿಯಲ್ಲಿ ಇದನ್ನ ಕೊಡಿ. ಕಂಪನಿಯವರು ನಗ್ತಾರೆ, ನಗಲಿ. ಮುಂದಿನ ವಸಂತದವರೆಗೆ ಕಂಬ ಬರಲ್ಲ.

ತಗೊಳ್ಳಿ.

ಯಾಕೆ ತಗೊಳ್ತಿಲ್ಲ?

ಇನ್ನೇನು ಬೇಕು ಚಿಕ್ಕಪ್ಪ? ಹೇಳಿದ್ನಲ್ಲ. ಎಲ್ಲಾ ಹೇಳಿದೆ. ಬಯ್ಯಿರಿ. ತಮ್ಮನಿಗೆ 'ಇಳಿ ಕೆಳಗೆ' ಅಂದ ಹಾಗೆ ನನಗೂ ಅನ್ನಿ.

…ನೀವು ಕಾಯ್ತಿದ್ದೀರಿ.

ಆ ಫೈಲಲ್ಲಿ ಬೆರಳು ಎಲ್ಲಿಟ್ಟಿದ್ದೀರಿ ಅಂತ ನನಗೆ ಕಾಣ್ತಿದೆ. ನಾಲ್ಕನೇ ದಿನದ ಹಾಳೆ. ತಮ್ಮನ ಗೆರೆ. ಇಷ್ಟು ದಿನ ನೀವು ಅದನ್ನ ತೆಗೆದು ನೋಡಿರಲಿಲ್ಲ, ಅಲ್ವಾ? ನೋಡೋಕೆ ಮನಸ್ಸು ಬಂದಿರಲಿಲ್ಲ. ಇವತ್ತು ನೋಡಿದ್ರಿ. ಅದು ನನ್ನ ಕೈಬರಹ ಅಲ್ಲ.

ಅವತ್ತು ಸಂಜೆ ಅಡುಗೆಮನೇಲಿ, ಅವನು ಮಲಗಿದ್ದ ಅಂತ ನಾನು ಹೇಳಿದಾಗ ನೀವು ಕೇಳಿದ್ರಿ. 'ಅವನು ಸೊನ್ನೆ ಬರೆದಿದ್ದನಾ? ನೀನು ತಿದ್ದಿ ಗೆರೆ ಎಳೆದೆಯಾ?' ಅಂತ. ನಾನು ಏನೂ ಹೇಳಲಿಲ್ಲ. ತಲೆ ತಗ್ಗಿಸಿ ಲೋಟ ತೊಳೀತಾ ನಿಂತೆ. ನೀವು ಅದನ್ನೇ ಹೌದು ಅಂತ ತಿಳ್ಕೊಂಡ್ರಿ. ತಿಳ್ಕೊಳ್ಳಲಿ ಅಂತಲೇ ಸುಮ್ಮನಿದ್ದೆ.

ಅವನು ಸೊನ್ನೆ ಬರೆದಿರಲಿಲ್ಲ. ನಾನು ಊಟದ ಡಬ್ಬಿ ತಗೊಂಡು ಮೇಲೆ ಬಂದಾಗ ಅವನು ಮಲಗಿರಲೂ ಇಲ್ಲ. ನಿಂತ್ಕೊಂಡು ದಕ್ಷಿಣಕ್ಕೆ ನೋಡ್ತಿದ್ದ. 'ಅಕ್ಕಾ, ನಲವತ್ತು ನಿಮಿಷ ತೂಕಡಿಸಿಬಿಟ್ಟೆ ಕಣೇ, ಗೆರೆ ಹಾಕಿದ್ದೀನಿ' ಅಂತ ಅವನಾಗೇ ಹೇಳಿದ. ಕಾರಣಾನೂ ಬರೆದಿದ್ದ. ಅಪ್ಪನಿಗೆ ಸಂಜೆ ನಾನೇ ಹೇಳ್ತೀನಿ ಅಂದ. ಅವನಿಗಿಂತ ಅರ್ಧ ಗಂಟೆ ಮುಂಚೆ ನಾನು ಮನೆಗೆ ಹೋದೆ. ಅವನು ಬಂದು ಹೇಳೋಕೆ ಹೊರಟಾಗ ನೀವು ಕೋಣೆ ಬಾಗಿಲು ಹಾಕ್ಕೊಂಡಿದ್ರಿ. ಮುಂದಿನ ವರ್ಷದಿಂದ ಈ ಎಣಿಕೆ ಇಬ್ಬರಲ್ಲಿ ಒಬ್ಬರಿಗೆ ಒಪ್ಪಿಸ್ತೀನಿ ಅಂದಿದ್ರಲ್ಲ ನೀವು… ಅದಕ್ಕೆ ಹಾಗೆ ಮಾಡಿದೆ.

ಅವನು ನನ್ನ ಬಗ್ಗೆ ಯಾರ ಹತ್ತಿರವೂ ಒಂದು ಮಾತು ಆಡಿಲ್ಲ. ದಿನಾ ಬೆಳಿಗ್ಗೆ ನನ್ನ ಸೈಕಲ್ಲಿಗೆ ಗಾಳಿ ತುಂಬಿಟ್ಟಿರ್ತಾನೆ.

ದುರ್ಬೀನಾ? …ತಗೊಳ್ಳಿ. ಹುರಿ ಕತ್ತಿಗೆ ಸುತ್ತಿದೆ, ಒಂದು ನಿಮಿಷ. ಕ್ಲಿಕ್ಕರೂ ತಗೊಳ್ಳಿ.

ಮೂರೂ ಮೂವತ್ತೈದು. ಕಳೆದ ಹತ್ತು ನಿಮಿಷ ನಾನು ದಕ್ಷಿಣಕ್ಕೆ ನೋಡಿಲ್ಲ, ನೀವೂ ನೋಡಿಲ್ಲ. ಅದನ್ನ ಹಾಗೇ ಬರೀರಿ.

ಬಿಸಿಲು ಓರೆಯಾಗಿದೆ, ಕೈ ಅಡ್ಡ ಹಿಡೀರಿ. ಎಣಿಕೆ ಮುಗಿದ ಮೇಲೂ ಇಲ್ಲೇ ಕೂತಿರಿ. ಒಬ್ಬರೇ ಇಳೀಬೇಡಿ. ನಾನು ಹೋಗಿ ಅವನಿಗೆ ಹೇಳ್ತೀನಿ. ಮೊದಲು ಹೇಳಬೇಕಾದ್ದು ಹೇಳ್ತೀನಿ. ಆಮೇಲೆ, ಅಪ್ಪನನ್ನ ಕರ್ಕೊಂಡು ಬಾ ಅಂತ ಕೇಳ್ತೀನಿ.

ಬರ್ತಾನಾ, ಚಿಕ್ಕಪ್ಪ?